ಸಹನೆಯೂ ಶಲ್ಯವೂ: ದೀರ್ಘಕಾಲದ ನೋವಿನ ಬಗೆಗೆ ಒಂದು ಧರ್ಮವಿಚಾರ

ದೇಹ ಧರಿಸಿದ ಜೀವಿಗೆ ನೋವು ತಪ್ಪಿದ್ದಲ್ಲ. ವೇದನೀಯ ಕರ್ಮದ ಉದಯದಿಂದ ಸುಖದುಃಖಗಳು ಬಂದು ಹೋಗುತ್ತವೆ ಎಂಬುದು ಜಿನಾಗಮದ ಮೊದಲ ಪಾಠಗಳಲ್ಲೊಂದು. ಆದರೆ ಬಂದ ನೋವು ಹೋಗದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನೆಲೆಯೂರಿದಾಗ ಶ್ರಾವಕನ ಮುಂದೆ ಒಂದು ಧರ್ಮಸಂದೇಹ ತಲೆದೋರುತ್ತದೆ. ಅದನ್ನು ಪೂರ್ವಕರ್ಮದ ಫಲವೆಂದು ಮೌನವಾಗಿ ಸಹಿಸಬೇಕೆ, ಅಥವಾ ವೈದ್ಯನಲ್ಲಿಗೆ ಹೋಗಿ ನಿವಾರಿಸಿಕೊಳ್ಳಬೇಕೆ? ಔಷಧ ಸೇವಿಸುವುದು ದೇಹಮೋಹವೆನಿಸುವುದೆ, ಸೇವಿಸದಿರುವುದು ತಪಸ್ಸೆನಿಸುವುದೆ? ಬೆನ್ನುನೋವು, ಕೀಲುನೋವು, ಅದರಲ್ಲಿಯೂ ಪದೇ ಪದೇ ಮರುಕಳಿಸುವ ತಲೆನೋವು ಇರುವ ಮನೆಗಳಲ್ಲಿ ಈ ಪ್ರಶ್ನೆ ಬಾಯಿಬಿಟ್ಟು ಕೇಳದಿದ್ದರೂ ಒಳಗೊಳಗೇ ಇರುತ್ತದೆ. ಅದಕ್ಕೆ ಶಾಸ್ತ್ರದ ಬೆಳಕಿನಲ್ಲಿಯೂ ಇಂದಿನ ವೈದ್ಯಕೀಯ ತಿಳಿವಳಿಕೆಯ ಬೆಳಕಿನಲ್ಲಿಯೂ ಉತ್ತರ ಹುಡುಕುವುದು ಉಚಿತ.

ಪರೀಷಹದ ಉದ್ದೇಶ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ 22 ಪರೀಷಹಗಳನ್ನು ಹೇಳಿದೆ. ಹಸಿವು, ಬಾಯಾರಿಕೆ, ಚಳಿ, ಸೆಕೆಗಳ ಸಾಲಿನಲ್ಲಿ ರೋಗವೂ ಒಂದು ಪರೀಷಹ. ಇದನ್ನೇ ಆಧಾರವಾಗಿ ಹಿಡಿದು ರೋಗವನ್ನು ಸಹಿಸುವುದೇ ಧರ್ಮವೆಂದು ವಾದಿಸುವವರುಂಟು. ಅವರು ವಡ್ಡಾರಾಧನೆಯಲ್ಲಿ ಬರುವ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಉದಾಹರಿಸುತ್ತಾರೆ. ರೂಪಕ್ಕೆ ಹೆಸರಾದ ಆ ಚಕ್ರವರ್ತಿ ದೇಹದ ಅಸ್ಥಿರತೆಯನ್ನು ಅರಿತು ಮುನಿಯಾದನು. ಬಹುಕಾಲ ರೋಗಗಳನ್ನು ಅನುಭವಿಸಿದನು. ಮದ್ದು ಕೊಡಲು ಬಂದ ದೇವವೈದ್ಯನನ್ನು ಸಂಸಾರರೋಗಕ್ಕೆ ಮದ್ದುಂಟೆ ಎಂದು ಕೇಳಿದನು. ಈ ಆದರ್ಶದ ಮುಂದೆ ತಲೆಬಾಗದವರಾರು?

ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದಾಗಿ, ಪರೀಷಹಗಳನ್ನು ಏಕೆ ಸಹಿಸಬೇಕೆಂಬುದನ್ನು ಸೂತ್ರಕಾರರೇ ಹೇಳಿದ್ದಾರೆ: ಮಾರ್ಗದಿಂದ ಜಾರದಿರುವುದಕ್ಕಾಗಿ, ಕರ್ಮನಿರ್ಜರೆಗಾಗಿ. ಸಹಿಸುವಿಕೆ ಮಾರ್ಗದಲ್ಲಿ ನಿಲ್ಲಿಸಿದರೆ ಅದು ಪರೀಷಹಜಯ. ಸಹಿಸುತ್ತಿರುವೆನೆಂಬ ಹೆಸರಿನಲ್ಲಿ ಮನಸ್ಸು ಸಿಡುಕಿಗೆ, ದ್ವೇಷಕ್ಕೆ, ಹತಾಶೆಗೆ ಜಾರಿದರೆ ಜಯವೆಲ್ಲಿ ಬಂತು? ಅದೇ ಅಧ್ಯಾಯದಲ್ಲಿ ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ವೇದನೆಯ ಚಿಂತನೆಯನ್ನೂ ಸೇರಿಸಿದೆ. ಹಗಲಿರುಳು ನೋವನ್ನೇ ನೆನೆಯುತ್ತಿರುವ ಮನಸ್ಸು ಧರ್ಮಧ್ಯಾನಕ್ಕೆ ಏರಲಾರದು. ಸಾಮಾಯಿಕಕ್ಕೆ ಕುಳಿತವನಿಗೆ ನೆತ್ತಿಯ ಸಿಡಿತದ ಹೊರತು ಬೇರೇನೂ ತೋರದಿದ್ದರೆ ಆ ಕುಳಿತಿರುವಿಕೆ ತಪಸ್ಸಾಗುವುದಿಲ್ಲ.

ಎರಡನೆಯದಾಗಿ, ಸನತ್ಕುಮಾರ ಮುನಿ ಏನನ್ನೂ ಮರೆಮಾಚಲಿಲ್ಲ. ಸರ್ವಸಂಗ ಪರಿತ್ಯಾಗ ಮಾಡಿ, ದೇಹದ ಮಮತೆ ಬಿಟ್ಟು, ತನ್ನ ರೋಗವನ್ನು ಬಲ್ಲವನಾಗಿ ಅದನ್ನು ಸಹಿಸಿದನು. ಗೃಹಸ್ಥನ ಸ್ಥಿತಿ ಬೇರೆ. ದುಡಿಮೆ, ಮಕ್ಕಳ ಪಾಲನೆ, ವೃದ್ಧರ ಸೇವೆ, ದಾನಪೂಜೆಗಳ ಹೊಣೆ ಅವನ ಮೇಲಿದೆ. ಅವನು ಮುನಿಯ ಸಹನೆಯನ್ನು ಬಾಯಲ್ಲಿ ಹೇಳುತ್ತ ಅಂಗಡಿಯಿಂದ ತಂದ ಮಾತ್ರೆಯನ್ನು ಯಾರಿಗೂ ಕಾಣದಂತೆ ನುಂಗಿದರೆ ಅದು ಮುನಿಧರ್ಮವೂ ಅಲ್ಲ, ಶ್ರಾವಕಧರ್ಮವೂ ಅಲ್ಲ.

ಸಮಂತಭದ್ರರ ದೃಷ್ಟಾಂತ

ಮುನಿಗಳಿಗೂ ಚಿಕಿತ್ಸೆ ಸರ್ವಥಾ ನಿಷಿದ್ಧವಾಗಿರಲಿಲ್ಲ ಎಂಬುದಕ್ಕೆ ಪರಂಪರೆ ಸಮಂತಭದ್ರ ಸ್ವಾಮಿಗಳ ಕಥೆಯನ್ನು ಹೇಳುತ್ತದೆ. ಅವರಿಗೆ ಭಸ್ಮಕ ವ್ಯಾಧಿ ಬಂದಿತು. ತಿಂದದ್ದೆಲ್ಲ ಭಸ್ಮವಾಗಿ ಹಸಿವು ತಣಿಯುತ್ತಿರಲಿಲ್ಲ. ಅವರು ಗುರುಗಳಲ್ಲಿ ಸಲ್ಲೇಖನೆಯ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ದೀಕ್ಷೆಯನ್ನು ಬಿಟ್ಟಾದರೂ ರೋಗ ವಾಸಿಮಾಡಿಕೊಂಡು ಮರಳಿ ಬಂದು ದೀಕ್ಷೆ ಕೈಕೊಳ್ಳುವಂತೆ ಆಜ್ಞಾಪಿಸಿದರು. ಶಿಷ್ಯರು ಹಾಗೆಯೇ ಮಾಡಿದರು. ಗುರುಗಳು ಅಂದು ಒಪ್ಪಿದ್ದರೆ ಸಮಂತಭದ್ರರಿಂದ ಜಿನಶಾಸನಕ್ಕೆ ಆದ ಮಹದುಪಕಾರ ಆಗುತ್ತಿತ್ತೆ?

ಅದೇ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯ ಸಂದರ್ಭಗಳನ್ನು ಹೇಳುವಾಗ ಪ್ರತೀಕಾರವಿಲ್ಲದ್ದು ಎಂಬ ನಿಬಂಧನೆಯನ್ನು ಇಟ್ಟಿರುವುದು ಗಮನಾರ್ಹ. ಪರಿಹಾರವಿಲ್ಲವೆಂದು ತಿಳಿಯಬೇಕಾದರೆ ಮೊದಲು ಪರಿಹಾರವನ್ನು ಹುಡುಕಿರಬೇಕಷ್ಟೆ. ದೀರ್ಘಕಾಲದ ನೋವಿನಿಂದ ಬಳಲಿದವರ ಬಾಯಿಂದ ಇನ್ನು ಬದುಕು ಸಾಕೆಂಬ ಮಾತು ಬಂದರೆ ಅದನ್ನು ವೈರಾಗ್ಯವೆಂದು ಹೊಗಳಬಾರದು. ಅದು ವೇದನೆಯ ಕೂಗು. ಹಲವು ವೇಳೆ ನೋವಿನೊಡನೆ ಬರುವ ಖಿನ್ನತೆಯ ಲಕ್ಷಣ. ಅಂತಹವರನ್ನು ಒಂಟಿಯಾಗಿ ಬಿಡದೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.

ಕರ್ಮದ ಮಾತು ಬಂದಾಗಲೂ ಹೀಗೆಯೇ ವಿವೇಕ ಬೇಕು. ಅಸಾತಾವೇದನೀಯ ಕರ್ಮ ಉದಯಕ್ಕೆ ಬರಲು ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಿಮಿತ್ತಗಳೂ ಬೇಕು. ನಿಮಿತ್ತವನ್ನು ಸರಿಪಡಿಸುವುದು ಕರ್ಮಸಿದ್ಧಾಂತಕ್ಕೆ ವಿರೋಧವಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವಂತೂ ದುಃಖ, ಶೋಕ, ಆಕ್ರಂದನ ಮೊದಲಾದವುಗಳನ್ನು ಇತರರಲ್ಲಿ ಉಂಟುಮಾಡಿದರೆ ಮಾತ್ರವಲ್ಲದೆ ತನ್ನಲ್ಲಿ ಉಂಟುಮಾಡಿಕೊಂಡರೂ ಅಸಾತಾವೇದನೀಯದ ಆಸ್ರವವಾಗುತ್ತದೆ ಎನ್ನುತ್ತದೆ. ಹಾಗಾದರೆ ಉಪವಾಸ, ಕೇಶಲೋಚಗಳೂ ಪಾಪವೇ ಎಂಬ ಶಂಕೆಗೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವೈದ್ಯನ ಉಪಮಾನದಿಂದಲೇ ಸಮಾಧಾನ ಹೇಳಿದ್ದಾರೆ. ಕರುಣೆಯಿಂದ ಹುಣ್ಣನ್ನು ಕೊಯ್ಯುವ ವೈದ್ಯ ನೋವುಂಟುಮಾಡಿದರೂ ಅವನಿಗೆ ಪಾಪಬಂಧವಿಲ್ಲ. ಅಂದರೆ ನೋವಿಗಿಂತ ಅದರ ಹಿಂದಿನ ಭಾವವೇ ಮುಖ್ಯ. ಸಂಕ್ಲೇಶದಿಂದ ತನ್ನನ್ನು ತಾನು ದಂಡಿಸಿಕೊಳ್ಳುವುದು ಆತ್ಮಹಿಂಸೆಯೇ ಹೊರತು ತಪಸ್ಸಲ್ಲ.

ಮದ್ದೇ ನೋವಾಗುವ ಬಗೆ

ಇನ್ನು ನೋವಿನ ಸ್ವರೂಪವನ್ನು ವೈದ್ಯಶಾಸ್ತ್ರ ಹೇಗೆ ಕಾಣುತ್ತದೆಂಬುದನ್ನು ನೋಡಬಹುದು. 3 ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ಕೊಡಲಾಗಿದೆ. ನೋವನ್ನು ಅಳೆಯುವ ಯಂತ್ರವಿಲ್ಲ. ಚಿತ್ರಪರೀಕ್ಷೆ, ರಕ್ತಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೂ ನೋವು ಸುಳ್ಳಾಗುವುದಿಲ್ಲ. ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕೆಂಬುದನ್ನೂ ಸ್ಪಷ್ಟವಾಗಿ ಸೇರಿಸಿತು.

ತಲೆನೋವು ಎಷ್ಟು ವ್ಯಾಪಕವೆಂಬುದಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. ಬೆಂಗಳೂರು ಮತ್ತು ಅದರ ಸುತ್ತಿನ ಗ್ರಾಮಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಸುಮಾರು ನಾಲ್ವರು ವಯಸ್ಕರಲ್ಲಿ ಒಬ್ಬರಿಗೆ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್, ಅಂದರೆ ಅರೆತಲೆನೋವು, ಇದ್ದುದು ಕಂಡುಬಂದಿತು. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಆದರೂ ಇದನ್ನು ರೋಗವೆಂದು ಎಣಿಸುವವರು ಕಡಿಮೆ. ತಲೆನೋವು ಯಾರಿಗಿಲ್ಲ ಎಂಬ ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ.

ಇಲ್ಲಿಯೇ ಒಂದು ಅಪಾಯ ಅಡಗಿದೆ. ತಲೆನೋವಿಗೆಂದು ನುಂಗುವ ಮಾತ್ರೆಯೇ ಅತಿಯಾದಾಗ ತಲೆನೋವನ್ನು ಹುಟ್ಟಿಸುತ್ತದೆ. ಮೊದಲೇ ತಲೆನೋವಿನ ಪ್ರವೃತ್ತಿ ಇರುವವರು ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂತಹ ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಇಲ್ಲವೆ ಟ್ರಿಪ್ಟಾನ್, ಎರ್ಗೊಟಮೈನ್, ಅಫೀಮು ವರ್ಗದ ಔಷಧ ಅಥವಾ ಹಲವು ಔಷಧಗಳನ್ನು ಕೂಡಿಸಿದ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, 3 ತಿಂಗಳಿಗೂ ಮೀರಿ ಸೇವಿಸುತ್ತ ಬಂದು, ತಿಂಗಳಲ್ಲಿ 15 ದಿನವಾದರೂ ತಲೆನೋವು ಪಡುತ್ತಿದ್ದರೆ, ಅದನ್ನು ಔಷಧದ ಅತಿಬಳಕೆಯ ತಲೆನೋವೆಂದು ಗುರುತಿಸುತ್ತಾರೆ. ಒಂದು ಮಾತ್ರೆಯ ಪರಿಣಾಮ ಇಳಿಯುತ್ತಲೇ ನೋವು ಮರಳುತ್ತದೆ. ಮರಳಿದ ನೋವಿಗೆ ಮತ್ತೊಂದು ಮಾತ್ರೆ. ತೃಷ್ಣೆಯನ್ನು ಭೋಗದಿಂದ ತಣಿಸಹೊರಟವನ ಕಥೆಯಂತೆಯೇ ಇದು. ಭೋಗೋಪಭೋಗ ಪರಿಮಾಣವ್ರತ ಹಿಡಿದು ಉಣ್ಣುವ ಪದಾರ್ಥಗಳನ್ನು ಎಣಿಸುವ ಶ್ರಾವಕರು ನುಂಗುವ ಮಾತ್ರೆಗಳನ್ನು ಎಣಿಸದಿರುವುದು ವಿಚಿತ್ರ.

ಅಪಾಯ ತಲೆಗಷ್ಟೇ ಸೀಮಿತವಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್ ವರ್ಗದ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡಗಳಿಗೆ ಪೆಟ್ಟಾಗಬಹುದು. ಪ್ಯಾರಸಿಟಮಾಲ್ ಮಿತಿಮೀರಿದರೆ ಯಕೃತ್ತಿಗೆ ಹಾನಿ. ಶೀತಕ್ಕೆ, ಜ್ವರಕ್ಕೆ, ನೋವಿಗೆ ಎಂದು ಬೇರೆ ಬೇರೆ ಹೆಸರಿನಲ್ಲಿ ಕೊಂಡ ಮಾತ್ರೆಗಳಲ್ಲಿ ಅದೇ ಪ್ಯಾರಸಿಟಮಾಲ್ ಇರುವುದುಂಟು. ಅತಿಬಳಕೆಯನ್ನು ನಿಲ್ಲಿಸಿದರೆ ಹಲವರಲ್ಲಿ ತಲೆನೋವು ಇಳಿಮುಖವಾಗುತ್ತದೆ. ಆದರೆ ನಿಲ್ಲಿಸಿದ ಮೊದಲ ದಿನಗಳಲ್ಲಿ ನೋವು ಉಲ್ಬಣಿಸಬಹುದು. ಕೆಲವು ಔಷಧಗಳನ್ನು ಥಟ್ಟನೆ ಬಿಡುವುದೇ ಅಪಾಯಕರ. ಆದುದರಿಂದ ಬಿಡುವ ಕ್ರಮವನ್ನೂ ವೈದ್ಯರಿಂದಲೇ ಕೇಳಿ ತಿಳಿಯಬೇಕು.

ವೈದ್ಯನ ಮುಂದೆ ಆಲೋಚನೆ

ಔಷಧದ ಅತಿಬಳಕೆಯನ್ನು ಕಂಡುಹಿಡಿಯಲು ವೈದ್ಯನಿಗೆ ಇರುವ ಮುಖ್ಯ ಸಾಧನ ರೋಗಿಯ ಸತ್ಯವಚನ. ಇಲ್ಲಿ ಜೈನ ಪರಂಪರೆಯ ಒಂದು ಅಮೂಲ್ಯ ವಿಚಾರ ನೆರವಿಗೆ ಬರುತ್ತದೆ. ಗುರುವಿನ ಮುಂದೆ ತನ್ನ ದೋಷಗಳನ್ನು ಮರೆಮಾಚದೆ ನಿವೇದಿಸುವುದಕ್ಕೆ ಆಲೋಚನೆ ಎಂದು ಹೆಸರು. ಶಿವಾರ್ಯರ ಭಗವತೀ ಆರಾಧನೆ ಈ ಆಲೋಚನೆಯ ಹತ್ತು ದೋಷಗಳನ್ನು ವಿವರಿಸುತ್ತದೆ. ರೋಗವು ಪಾಪವಲ್ಲ, ವೈದ್ಯನು ಧರ್ಮಗುರುವೂ ಅಲ್ಲ. ಆದರೂ ಮನುಷ್ಯನು ಸತ್ಯವನ್ನು ಅರ್ಧ ಹೇಳಿ ಅರ್ಧ ಅಡಗಿಸುವ ರೀತಿ ಎರಡು ಕಡೆಯೂ ಒಂದೇ.

ಇತರರು ಕಂಡ ದೋಷವನ್ನು ಮಾತ್ರ ಹೇಳುವುದು ದೃಷ್ಟದೋಷ. ಮನೆಯವರ ಎದುರು ನುಂಗಿದ ಎರಡು ಮಾತ್ರೆಗಳನ್ನು ಹೇಳಿ, ನಡುರಾತ್ರಿ ನುಂಗಿದ ಮೂರನ್ನು ಹೇಳದಿರುವುದು ಇದಕ್ಕೆ ಸಮಾನ. ಸಣ್ಣದನ್ನು ಹೇಳಿ ದೊಡ್ಡದನ್ನು ಅಡಗಿಸುವುದು ಸೂಕ್ಷ್ಮದೋಷ. ತಲೆ ಸ್ವಲ್ಪ ಭಾರವೆಂದು ಹೇಳಿ, ಕಣ್ಣು ಮಂಜಾದುದನ್ನು, ಕೈ ಸ್ವಾಧೀನ ತಪ್ಪಿದುದನ್ನು ಹೇಳದವರುಂಟು. ತನ್ನ ದೋಷವನ್ನು ಬೇರೆಯವರದೆಂಬಂತೆ ಕೇಳಿ ಪ್ರಾಯಶ್ಚಿತ್ತ ತಿಳಿದುಕೊಳ್ಳುವುದು ಛನ್ನದೋಷ. ಪರಿಚಿತರೊಬ್ಬರಿಗೆ ಹೀಗಾಗುತ್ತದೆ, ಏನು ಕೊಡಬಹುದು ಎಂದು ಔಷಧದಂಗಡಿಯಲ್ಲಿ ಕೇಳುವುದು ಅದೇ ಬಗೆ. ಒಬ್ಬ ಗುರು ಕೊಟ್ಟ ಪ್ರಾಯಶ್ಚಿತ್ತದಲ್ಲಿ ನಂಬಿಕೆಯಿಡದೆ ಹಲವರನ್ನು ಕೇಳುತ್ತ ಹೋಗುವುದು ಬಹುಜನದೋಷ. ಒಬ್ಬ ವೈದ್ಯರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸದೆ ಮೂವರ ಔಷಧಗಳನ್ನು ಒಟ್ಟಿಗೆ ಸೇವಿಸುವವರು ತಮಗೆ ತಾವೇ ಅಪಾಯ ತಂದುಕೊಳ್ಳುತ್ತಾರೆ. ಮತ್ತೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ತಪ್ಪಲ್ಲ. ಮೊದಲಿನದನ್ನು ಅಡಗಿಸುವುದು ತಪ್ಪು. ಅರಿಯದವನ ಮುಂದೆ ನಿವೇದಿಸುವುದು ಅವ್ಯಕ್ತದೋಷ. ಅದೇ ದೋಷವುಳ್ಳವನ ಮುಂದೆ ಹೇಳಿ ಸಮಾಧಾನ ಪಡೆಯುವುದು ತತ್ಸೇವಿದೋಷ. ತನಗೆ ಒಗ್ಗಿದ ಮಾತ್ರೆಯನ್ನು ನೆರೆಮನೆಯವರಿಗೆ ಹಂಚುವ ನೋವುಗಾರರನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ.

ಮಾಯೆ, ಮಿಥ್ಯಾತ್ವ, ನಿದಾನಗಳನ್ನು ಶಾಸ್ತ್ರ ಶಲ್ಯಗಳೆಂದು ಕರೆದಿದೆ. ಶಲ್ಯವೆಂದರೆ ಮೈಯೊಳಗೆ ಮುರಿದುಕೊಂಡ ಮುಳ್ಳು. ಶಲ್ಯವಿಲ್ಲದವನೇ ವ್ರತಿ. ಒಳಗೆ ಮುಳ್ಳನ್ನಿಟ್ಟುಕೊಂಡು ಮೇಲೆ ಲೇಪ ಹಚ್ಚಿದರೆ ಹುಣ್ಣು ಮಾಗದು. ಹಾಗೆಯೇ ಮರೆಮಾಚಿದ ನೋವಿಗೆ, ಮರೆಮಾಚಿದ ಮಾತ್ರೆಗೆ ಯಾವ ವೈದ್ಯನೂ ಚಿಕಿತ್ಸೆ ಮಾಡಲಾರನು.

ಈ ಸತ್ಯನಿವೇದನೆಗೆ ಒಂದು ಸರಳ ಸಾಧನವಿದೆ. ತಲೆನೋವು ಬಂದ ದಿನ, ಹೊತ್ತು, ಎಷ್ಟು ಗಂಟೆ ಇತ್ತು, ಯಾವ ಭಾಗದಲ್ಲಿ, ವಾಂತಿ ಬಂತೆ, ಬೆಳಕು ಸದ್ದುಗಳು ಕಾಡಿದವೆ, ನಿದ್ರೆ ಊಟಗಳು ಹೇಗಿದ್ದವು, ಯಾವ ಮಾತ್ರೆ ಎಷ್ಟು ನುಂಗಿದ್ದು, ನುಂಗಿದ ಮೇಲೆ ಏನಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ದಿನವೂ ಬರೆದಿಡುವುದು. ಎರಡು ತಿಂಗಳ ಇಂತಹ ಬರಹ ನೆನಪಿನ ಮಾತಿಗಿಂತ ಎಷ್ಟೋ ವಿಶ್ವಾಸಾರ್ಹ. ಸಂಜೆ ಪ್ರತಿಕ್ರಮಣ ಮಾಡುವವರಿಗೆ ದಿನದ ಲೆಕ್ಕವಿಡುವುದು ಹೊಸತಲ್ಲ. ಆದರೆ ಕೆಲವು ಲಕ್ಷಣಗಳಿಗೆ ಪುಸ್ತಕ ತುಂಬುವವರೆಗೆ ಕಾಯಲಾಗದು. ಸಿಡಿಲೆರಗಿದಂತೆ ಒಮ್ಮೆಲೇ ಬಂದ ತೀವ್ರ ತಲೆನೋವು, ಜ್ವರ ಮತ್ತು ಕತ್ತಿನ ಬಿಗಿತದೊಡನೆ ಬಂದದ್ದು, ತಲೆಗೆ ಪೆಟ್ಟಾದ ಮೇಲಿನದು, ಮಾತು ತೊದಲುವುದು, ಕೈಕಾಲು ಸೋಲುವುದು, ದೃಷ್ಟಿ ಮಂದವಾಗುವುದು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದವರಲ್ಲಿ ಹೊಸದಾಗಿ ಆರಂಭವಾದ ತಲೆನೋವನ್ನೂ ಗರ್ಭಿಣಿಯರ ತಲೆನೋವನ್ನೂ ವೈದ್ಯರಿಗೆ ಬೇಗ ತೋರಿಸಬೇಕು.

ವ್ರತವೂ ಔಷಧವೂ

ವೈದ್ಯರಿಗೆ ಹೇಳಲು ಸಂಕೋಚಪಡುವ ಇನ್ನೊಂದು ಸಂಗತಿ ವ್ರತಗಳದು. ಹೊತ್ತಿಗೆ ಉಣ್ಣದಿರುವುದು, ನೀರು ಕುಡಿಯದಿರುವುದು ಹಲವರಲ್ಲಿ ಅರೆತಲೆನೋವನ್ನು ಕೆರಳಿಸುತ್ತದೆ. ನಿರ್ಜಲ ಉಪವಾಸದ ನಡುವೆ ಅಥವಾ ಅದು ಮುಗಿದೊಡನೆ ಬರಿಹೊಟ್ಟೆಯಲ್ಲಿ ನುಂಗಿದ ಡೈಕ್ಲೊಫೆನಾಕ್ ಜಠರಕ್ಕೂ ಮೂತ್ರಪಿಂಡಕ್ಕೂ ಹೆಚ್ಚು ಅಪಾಯಕರ. ತಲೆನೋವು ಬಾರದಂತೆ ದಿನವೂ ಕೊಡುವ ಔಷಧಗಳಲ್ಲಿ ಟೋಪಿರಮೇಟ್ ಎಂಬುದು ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವವನ್ನು ಹೆಚ್ಚಿಸುವುದರಿಂದ ಅದನ್ನು ಸೇವಿಸುವವರು ಸಾಕಷ್ಟು ನೀರು ಕುಡಿಯಬೇಕು. ಅಮಿಟ್ರಿಪ್ಟಿಲಿನ್ ನಿದ್ರೆ ತರುವುದರಿಂದ ಅದನ್ನು ಸಾಮಾನ್ಯವಾಗಿ ರಾತ್ರಿ ಮಲಗುವ ಮುನ್ನ ಕೊಡುತ್ತಾರೆ. ರಾತ್ರಿಭೋಜನ ತ್ಯಾಗವಿರುವ ಶ್ರಾವಿಕೆ ಏನನ್ನೂ ಹೇಳದೆ ಚೀಟಿ ಪಡೆದು ಬಂದು ಮಾತ್ರೆಯನ್ನು ಬಿಟ್ಟುಬಿಟ್ಟರೆ, ಔಷಧ ನಾಟಲಿಲ್ಲವೆಂದು ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ. ತನ್ನ ನಿಯಮವನ್ನು ಮೊದಲೇ ತಿಳಿಸಿದ್ದರೆ ಹೊತ್ತನ್ನೋ ಔಷಧವನ್ನೋ ಬದಲಿಸಲು ಅವಕಾಶವಿರುತ್ತಿತ್ತು.

ಕ್ಯಾಪ್ಸೂಲುಗಳ ಕವಚ ಬಹುಮಟ್ಟಿಗೆ ಜೆಲಟಿನ್‌ನದು. ಅದನ್ನು ಪ್ರಾಣಿಗಳ ಎಲುಬು, ಚರ್ಮಗಳಿಂದ ತೆಗೆಯುತ್ತಾರೆ. ಸಸ್ಯಜನ್ಯ ಸೆಲ್ಯುಲೋಸಿನ ಕವಚಗಳೂ ಉಂಟು. ಅನೇಕ ಔಷಧಗಳು ಮಾತ್ರೆಯ ರೂಪದಲ್ಲಿಯೂ ದೊರೆಯುತ್ತವೆ. ಕೇಳಿದರೆ ತಿಳಿಯುತ್ತದೆ. ತಾವೇ ಕ್ಯಾಪ್ಸೂಲನ್ನು ಬಿಡಿಸಿ ಪುಡಿಯನ್ನು ನುಂಗುವುದು ಸರಿಯಲ್ಲ. ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ಮೈಗೆ ಸೇರಬಹುದು. ಅಹಿಂಸೆಯನ್ನೂ ಚಿಕಿತ್ಸೆಯನ್ನೂ ಕೂಡಿಸುವ ಪ್ರಯತ್ನ ಜೈನರಿಗೆ ಹಳೆಯದು. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದ ವೈದ್ಯಪದ್ಧತಿಯನ್ನು ಕಟ್ಟಿಕೊಟ್ಟರು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕರ್ನಾಟಕ ಕಲ್ಯಾಣಕಾರಕವನ್ನು ಕನ್ನಡದಲ್ಲಿ ರಚಿಸಿದನು. ಆ ಪೂರ್ವಜರು ವ್ರತದ ಹೆಸರಿನಲ್ಲಿ ಚಿಕಿತ್ಸೆಯನ್ನು ಕೈಬಿಡಲಿಲ್ಲ, ಚಿಕಿತ್ಸೆಯ ಹೆಸರಿನಲ್ಲಿ ವ್ರತವನ್ನೂ ಕೈಬಿಡಲಿಲ್ಲ.

ಮನೆಯವರ ಧರ್ಮ, ಸಂಸ್ಥೆಗಳ ಧರ್ಮ

ನೋವನ್ನು ಮರೆಮಾಚುವವರು ಸುಮ್ಮನೆ ಮರೆಮಾಚುವುದಿಲ್ಲ. ಹೇಳಿದಾಗ ನಂಬದ ಮನೆ ಅವರಿಗೆ ಮೌನವನ್ನು ಕಲಿಸುತ್ತದೆ. ಮುಂಜಾನೆ ಪೂಜೆಗೆ ಅಣಿಮಾಡಿ, ಎಲ್ಲರ ಊಟ ತಿಂಡಿ ನೋಡಿಕೊಂಡು, ನಡುಹಗಲು ಕತ್ತಲೆ ಕೋಣೆಯಲ್ಲಿ ಕಣ್ಣುಮುಚ್ಚಿ ಮಲಗಿದ ಸೊಸೆಗೆ ಸೋಮಾರಿಯೆಂಬ ಹೆಸರು ಬಂದರೆ, ಮರುದಿನ ಅವಳು ಮಲಗುವುದಿಲ್ಲ. ಮಾತ್ರೆ ನುಂಗಿ ನಿಂತಿರುತ್ತಾಳೆ. ಅವಳ ಮಾತ್ರೆಯ ಲೆಕ್ಕದಲ್ಲಿ ಆ ಮಾತನ್ನಾಡಿದವರ ಪಾಲೂ ಇದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಒಂದು. ರೋಗಿಯ ದೇಹದ ಬಗೆಗೆ ಜುಗುಪ್ಸೆ ತಾಳದಿರುವುದು ಅದರ ಲಕ್ಷಣ. ಕಾಣದ ನೋವಿನ ಬಗೆಗೆ ತಾತ್ಸಾರ ತಾಳದಿರುವುದೂ ಅದರಲ್ಲಿ ಸೇರಬೇಕು. ರೋಗಪೀಡಿತ ಸಾಧುಗಳ ಸೇವೆಯನ್ನು ವೈಯಾವೃತ್ತ್ಯವೆಂಬ ಅಂತರಂಗ ತಪಸ್ಸೆಂದು ಎಣಿಸಿದ ಧರ್ಮದಲ್ಲಿ, ಮನೆಯೊಳಗಿನ ರೋಗಿಯನ್ನು ನಂಬುವುದು ಆ ತಪಸ್ಸಿನ ಮೊದಲ ಮೆಟ್ಟಿಲು.

ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಗೌರವಿಸುವ ಬಸದಿಗಳ ಟ್ರಸ್ಟುಗಳೂ ಇಲ್ಲಿ ವಿಚಾರ ಮಾಡಬೇಕು. ಉಚಿತ ಶಿಬಿರದಲ್ಲಿ ಎಷ್ಟು ಮಂದಿಗೆ ಎಷ್ಟು ಮಾತ್ರೆ ಹಂಚಲಾಯಿತೆಂಬ ಸಂಖ್ಯೆಯಿಂದ ದಾನದ ಫಲ ಅಳೆಯಲಾಗದು. ವಿಧಿ, ದ್ರವ್ಯ, ದಾತೃ, ಪಾತ್ರಗಳ ವಿಶೇಷದಿಂದ ದಾನಕ್ಕೆ ವಿಶೇಷ ಬರುತ್ತದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಮೂತ್ರಪಿಂಡದ ತೊಂದರೆ ಇದೆಯೆ ಎಂದು ಕೇಳದೆ ಕೊಟ್ಟ ನೋವಿನ ಮಾತ್ರೆ ದಾನವಾಗದು. ಗದ್ದಲದ ನಡುವೆ ದೋಷ ನಿವೇದಿಸುವುದನ್ನು ಶಬ್ದಾಕುಲಿತ ದೋಷವೆಂದು ಭಗವತೀ ಆರಾಧನೆ ಎಣಿಸಿದೆ. ಧ್ವನಿವರ್ಧಕದ ಪಕ್ಕದ ಮೇಜಿನ ಮುಂದೆ ಹತ್ತು ಜನರ ಎದುರು ನಿಂತ ರೋಗಿ ತನ್ನ ನೋವನ್ನು ಹೇಗೆ ಹೇಳಿಯಾನು? ಏಕಾಂತದಲ್ಲಿ ಮಾತನಾಡಲು ಒಂದು ಕೋಣೆ, ಸೇವಿಸುತ್ತಿರುವ ಔಷಧಗಳನ್ನು ಬರೆದಿಡುವ ಒಂದು ಪುಸ್ತಕ, ತಿಂಗಳ ಬಳಿಕ ಮತ್ತೆ ನೋಡುವ ವ್ಯವಸ್ಥೆ, ತಜ್ಞರಲ್ಲಿಗೆ ಹೋಗಬೇಕಾದ ಬಡವರಿಗೆ ಪ್ರಯಾಣದ ಖರ್ಚು - ಇವುಗಳಿಗೆ ಬೇಕಾಗುವ ಹಣ ಹೆಚ್ಚಿಲ್ಲ, ಬೇಕಾಗುವುದು ವಿವೇಕ.

ಚಿಕಿತ್ಸೆಯಿಂದ ಎಲ್ಲ ನೋವೂ ಹೋಗುವುದೆಂದು ಭರವಸೆ ಕೊಡಲಾಗದು. ತಡೆಯುವ ಔಷಧಗಳು ಗುಣ ತೋರಲು ವಾರಗಳು ಬೇಕು. ಕೆಲವರಿಗೆ ಒಂದು ಒಗ್ಗದೆ ಇನ್ನೊಂದನ್ನು ನೋಡಬೇಕಾಗುತ್ತದೆ. ಎಲ್ಲ ಪ್ರಯತ್ನಗಳ ನಂತರವೂ ಸ್ವಲ್ಪ ನೋವು ಉಳಿಯಬಹುದು. ಸಹನೆಗೆ ನಿಜವಾದ ಸ್ಥಾನ ಇರುವುದು ಅಲ್ಲಿ. ಕಾರಣವನ್ನು ವಿಚಾರಿಸಿ, ಸತ್ಯವನ್ನು ಪೂರ್ಣ ಹೇಳಿ, ಮಾಡಬಹುದಾದುದನ್ನು ಮಾಡಿ, ಉಳಿದ ನೋವನ್ನು ಸಮಭಾವದಿಂದ ಕಾಣುವವನ ಸಹನೆ ನಿರ್ಜರೆಗೆ ದಾರಿ. ಏನನ್ನೂ ವಿಚಾರಿಸದೆ, ಯಾರಿಗೂ ಹೇಳದೆ ಹಲ್ಲು ಕಚ್ಚಿ ಹಿಡಿದ ನೋವು ಶಲ್ಯವಾಗಿಯೇ ಉಳಿಯುತ್ತದೆ. ಯಾವುದು ಸಹನೆ, ಯಾವುದು ಶಲ್ಯವೆಂಬ ಭೇದವನ್ನು ಪ್ರತಿಯೊಂದು ಜೈನ ಕುಟುಂಬವೂ ಅರಿತು, ನೋವುಂಡವರು ಅಂಜದೆ ಬಾಯಿಬಿಡುವಂತಹ ಮನೆಗಳನ್ನು ಕಟ್ಟಿಕೊಳ್ಳುವುದು ಶ್ರೇಯಸ್ಕರ.